ಉಚಿತ ಚಾರ್ಜಿಂಗ್ ನಿಲ್ಲಿಸಿದ ಮೇಲೆ ದರ ಎಷ್ಟಿಡಬೇಕು? ಒಂದು ನಗರದ ಪ್ರಕರಣ ಅಧ್ಯಯನ

ನಗರದ ದುಡ್ಡಲ್ಲಿ ಹಾಕಿದ ಚಾರ್ಜಿಂಗ್ ಪಾಯಿಂಟ್‌ಗಳಿಗೆ ಶುಲ್ಕ ಎಷ್ಟು ಎಂಬ ಪ್ರಶ್ನೆ ಕೌನ್ಸಿಲ್ ಸಭೆಗೆ ಬಂದರೆ ಮಾತು ಒಂದೇ ಕಡೆ ಓಡುತ್ತದೆ. ಯೂನಿಟ್‌ಗೆ ಎಷ್ಟು? ಪಕ್ಕದ ಊರಲ್ಲಿ ಎಷ್ಟಿದೆ? ಪೆಟ್ರೋಲಿಗಿಂತ ಕಮ್ಮಿ ಬೀಳುತ್ತದಾ? ಯಾರೋ ಒಂದು ಸಂಖ್ಯೆ ಹೇಳುತ್ತಾರೆ, ಎಲ್ಲರೂ ಕೈ ಎತ್ತುತ್ತಾರೆ, ಮುಂದಿನ ವಿಷಯಕ್ಕೆ ಹೋಗುತ್ತಾರೆ. ಕೆಲಸ ಕೆಡುವುದು ಅಲ್ಲೇ. ಚಾರ್ಜಿಂಗ್ ಸ್ಟೇಷನ್ನಿನಲ್ಲಿ ನಗರ ಎರಡನ್ನು ಮಾರುತ್ತಿರುತ್ತದೆ: ಕರೆಂಟು ಮತ್ತು ಜಾಗ. ಎರಡಕ್ಕೂ ಸೇರಿಸಿ ಒಂದೇ ಬೆಲೆ ಕಟ್ಟಿದರೆ ಯಾರಿಗೋ ಅನ್ಯಾಯ ಆಗುತ್ತದೆ, ಮತ್ತು ಅದು ಹೆಚ್ಚಾಗಿ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳುವ ಅನುಕೂಲ ಇಲ್ಲದವರಿಗೇ ಆಗುತ್ತದೆ. ನನಗೆ ಈ ವಿಷಯ ಮುಖ್ಯ ಅನ್ನಿಸುವುದು ಅದಕ್ಕೇ.

ಬಾಯಿಮಾತಲ್ಲಿ ಹೇಳಿದರೆ ಇದು ಹಿಡಿಯುವುದಿಲ್ಲ. ಹಾಗಾಗಿ ಒಂದು ನಗರವನ್ನು ಕಾಗದದ ಮೇಲೆ ಕಟ್ಟಿಕೊಂಡು ಅದರ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಮಾಡಿ ತೋರಿಸುತ್ತೇನೆ. ನಗರ ಕಲ್ಪನೆಯದು, ಅದರ ಸಂಖ್ಯೆಗಳು ಲೆಕ್ಕಕ್ಕೆಂದು ನಾನು ಇಟ್ಟುಕೊಂಡವು. ಖರ್ಚಿನ ಬಾಬತ್ತುಗಳು, ಚಾರ್ಜರ್ ಕೆಲಸ ಮಾಡುವ ರೀತಿ, ಮಧ್ಯದಲ್ಲಿ ಬರುವ ಕಾನೂನುಗಳು ನಿಜವಾದವು. ಹಣವನ್ನು ಯಾವ ದೇಶದ ನಾಣ್ಯದಲ್ಲೂ ಹೇಳುವುದಿಲ್ಲ. ಒಂದು ಯೂನಿಟ್, ಅಂದರೆ ಒಂದು ಕಿಲೋವ್ಯಾಟ್ ಅವರ್ ಕರೆಂಟಿಗೆ ನಗರ ಕೊಡುವ ಬೆಲೆ 100 ಎಂದಿಟ್ಟುಕೊಳ್ಳೋಣ. ಮಿಕ್ಕಿದ್ದೆಲ್ಲ ಅದೇ ಅಳತೆಯಲ್ಲಿ. ಯಾವ ದರಕ್ಕೂ ತೆರಿಗೆ ಸೇರಿಸಿಲ್ಲ.

ಪರಿಸ್ಥಿತಿ ಏನು

ಮಧ್ಯಮ ಗಾತ್ರದ ನಗರ. ಊರ ನಡುವೆ ನಗರಸಭೆಯದೇ ಒಂದು ಪಾರ್ಕಿಂಗ್ ಜಾಗ. ಅಲ್ಲಿ ನಿಧಾನವಾಗಿ ಚಾರ್ಜ್ ಮಾಡುವ 7.4 ಕಿಲೋವ್ಯಾಟಿನ ಎಂಟು ಎಸಿ ಪಾಯಿಂಟ್‌ಗಳು, 60 ಕಿಲೋವ್ಯಾಟಿನ ಎರಡು ಡಿಸಿ ಫಾಸ್ಟ್ ಚಾರ್ಜರ್‌ಗಳು. ಯಂತ್ರಗಳ ದುಡ್ಡು ಮೇಲಿನ ಸರ್ಕಾರದ ಅನುದಾನದಿಂದ ಬಂತು. ಜನ ಎಲೆಕ್ಟ್ರಿಕ್ ಗಾಡಿಗೆ ಬದಲಾಗಲಿ ಎಂದು ಮೊದಲಿಂದಲೂ ಚಾರ್ಜಿಂಗ್ ಉಚಿತ.

ಎಸಿ ಪಾಯಿಂಟ್‌ಗಳು ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಭರ್ತಿ. ಹೊರಗಿಂದ ನೋಡಿದರೆ ಯೋಜನೆ ಚೆನ್ನಾಗಿ ನಡೆಯುತ್ತಿದೆ ಅನ್ನಿಸುತ್ತದೆ. ಮೀಟರ್ ನೋಡಿದರೆ ಬೇರೆ ಕಥೆ. ಎಂಟು ಪಾಯಿಂಟಿಗೆ ದಿನಕ್ಕೆ ಬರುವುದು 12 ಕಾರು, ಒಂದೊಂದು ಹೀರುವುದು ಸರಾಸರಿ 12 ಯೂನಿಟ್. ಒಟ್ಟು 144 ಯೂನಿಟ್. ಅಷ್ಟು ಕರೆಂಟು ಕೊಡಲು ಈ ಪಾಯಿಂಟ್‌ಗಳಿಗೆ ಬೇಕಾಗುವುದು ಹತ್ತಿರ ಹತ್ತಿರ ಹತ್ತೊಂಬತ್ತೂವರೆ ಗಂಟೆ. ಆದರೆ ಎಂಟು ಪಾಯಿಂಟು ಒಂಬತ್ತು ಗಂಟೆ ತುಂಬಿದ್ದರೆ ಒಟ್ಟು 72 ಗಂಟೆ ಆಯಿತು. ಮಿಕ್ಕ ಐವತ್ತು ಚಿಲ್ಲರೆ ಗಂಟೆ ಚಾರ್ಜ್ ಮುಗಿದ ಕಾರುಗಳು ಸುಮ್ನೆ ನಿಂತಿವೆ.

ಗನ್, ಅಂದರೆ ಚಾರ್ಜರಿನ ಪ್ಲಗ್, ಕಾರಿಗೆ ಹಾಕಿ ಕೆಲಸಕ್ಕೆ ಹೋದವರು ಸಂಜೆಯೇ ಬರುವುದು. ಅವರನ್ನು ಬಯ್ಯುವುದರಲ್ಲಿ ಅರ್ಥವಿಲ್ಲ, ನಡುವೆ ಬಂದು ಕಾರು ತೆಗೆಯಲು ಅವರಿಗೆ ಯಾವ ಕಾರಣವನ್ನೂ ನಗರ ಕೊಟ್ಟಿಲ್ಲ. ಅವರಲ್ಲಿ ಒಂದಷ್ಟು ಜನರಿಗೆ ಮನೆಯಲ್ಲೇ ಚಾರ್ಜರ್ ಇರುತ್ತದೆ. ಇಲ್ಲಿ ಬಿಟ್ಟಿ ಸಿಗುತ್ತದೆ, ಮೇಲೆ ಪಾರ್ಕಿಂಗೂ ಸಿಕ್ಕ ಹಾಗಾಯಿತು, ಬರುತ್ತಾರೆ. ಅದೇ ಹೊತ್ತಿಗೆ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಬಾಡಿಗೆಗಿರುವವರು, ರಸ್ತೆ ಬದಿ ಕಾರು ನಿಲ್ಲಿಸುವವರು, ಟ್ಯಾಕ್ಸಿ ಓಡಿಸುವವರು ಒಂದು ಸುತ್ತು ಹಾಕಿ ಖಾಲಿ ಜಾಗ ಕಾಣದೆ ವಾಪಸ್ ಹೋಗುತ್ತಾರೆ. ಅವರಿಗೆ ಬೇರೆ ದಾರಿ ಇಲ್ಲ. ಉಚಿತ ಅಂದರೆ ಬಡವರ ಪರ ಎಂದು ಅಂದುಕೊಳ್ಳುತ್ತೇವೆ. ಇಲ್ಲಿ ಅದು ಮೊದಲು ಬಂದು ಜಾಗ ಹಿಡಿದವರ ಪರ ಆಗಿಬಿಟ್ಟಿದೆ.

ಇನ್ನು ಖರ್ಚು. ಎಸಿ ಪಾಯಿಂಟ್‌ಗಳಲ್ಲಿ ತಿಂಗಳಿಗೆ 4320 ಯೂನಿಟ್ ಹೋಗುತ್ತದೆ, ನಷ್ಟ ಸೇರಿ ಅದರ ಬೆಲೆ ಸುಮಾರು ನಾಲ್ಕೂವರೆ ಲಕ್ಷ. ಸಾಫ್ಟ್‌ವೇರ್, ಸಿಮ್, ರಿಪೇರಿ ಇತ್ಯಾದಿಗೆ ಪಾಯಿಂಟಿಗೆ 20 ಸಾವಿರದಂತೆ 1 ಲಕ್ಷ 60 ಸಾವಿರ. ಫಾಸ್ಟ್ ಚಾರ್ಜರ್‌ಗಳಲ್ಲಿ ಹೋಗುವುದು ತಿಂಗಳಿಗೆ 3000 ಯೂನಿಟ್ ಮಾತ್ರ, ಖರ್ಚು ಮಾತ್ರ ಹತ್ತು ಲಕ್ಷ ದಾಟುತ್ತದೆ. ಒಟ್ಟು ಹದಿನಾರೂವರೆ ಲಕ್ಷ ತಿಂಗಳಿಗೆ. ಆದಾಯ ಸೊನ್ನೆ. ಕಮ್ಮಿ ಯೂನಿಟ್ ಕೊಡುವ ಯಂತ್ರಕ್ಕೆ ಯಾಕೆ ಜಾಸ್ತಿ ಖರ್ಚು? ಇದಕ್ಕೆ ಆಮೇಲೆ ಬರುತ್ತೇನೆ, ಇಡೀ ಪ್ರಕರಣದ ಕಷ್ಟದ ಭಾಗ ಅದೇ.

ಸಭೆಯಲ್ಲಿ ಬರುವ ನಾಲ್ಕು ಮಾತುಗಳು

ಮೊದಲನೆಯದು, ಉಚಿತವಾಗೇ ಇರಲಿ. ಯಾಕೆ ಆಗದು ಎಂದು ಮೇಲೆ ಹೇಳಿದ್ದೇನೆ. ಇನ್ನೊಂದು ಮಾತು ಸೇರಿಸಬೇಕು. ಈ ಹದಿನಾರೂವರೆ ಲಕ್ಷ ನಗರದ ಸಾಮಾನ್ಯ ನಿಧಿಯಿಂದ ಬರುತ್ತದೆ, ಕಾರೇ ಇಲ್ಲದೆ ಬಸ್ಸಲ್ಲಿ ಓಡಾಡುವವರ ತೆರಿಗೆಯೂ ಅದರಲ್ಲಿದೆ. ಅವರನ್ನು ಕೇಳದೆ ಕಾರು ಇರುವವರ ಕರೆಂಟ್ ಬಿಲ್ ಕಟ್ಟಿಸುವುದು ಸರಿಯಲ್ಲ ಅಲ್ವಾ?

ಎರಡನೆಯದು, ಪೆಟ್ರೋಲಿಗೆ ಹೋಲಿಸಿ ಅದಕ್ಕಿಂತ ಸ್ವಲ್ಪ ಕಮ್ಮಿ ಇಡೋಣ. ಪೆಟ್ರೋಲ್ ಬೆಲೆಗೂ ನಗರದ ಖರ್ಚಿಗೂ ಸಂಬಂಧವೇ ಇಲ್ಲ. ಅದು ಏರಿದಾಗ ಶುಲ್ಕ ಏರಿಸಿದರೆ ಜನರಿಗೆ ಏನು ಕಾರಣ ಹೇಳುತ್ತೀರಿ? ಕೆಲವು ಕಡೆ ಇದು ಕಾನೂನಿನ ಪ್ರಶ್ನೆಯೂ ಹೌದು. ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 26ರ ಪ್ರಕಾರ, ಸೇವೆಗೆ ತಗಲುವ ನ್ಯಾಯವಾದ ಖರ್ಚನ್ನು ಮೀರಿದ ಶುಲ್ಕ ತೆರಿಗೆ ಅನ್ನಿಸಿಕೊಳ್ಳಬಹುದು, ತೆರಿಗೆಗೆ ಮತ್ತೆ ಮತದಾರರ ಒಪ್ಪಿಗೆ ಬೇಕು. ಸರ್ಕಾರದ ಆಸ್ತಿಯನ್ನು ಬಳಸಲು ಕೊಡುವ ಶುಲ್ಕಕ್ಕೆ ಅಲ್ಲಿ ಬೇರೆ ವಿನಾಯಿತಿ ಇದೆ. ಕಾನೂನು ಒಂದೊಂದು ಕಡೆ ಒಂದೊಂದು ಥರ ಇರಬಹುದು, ಖರ್ಚಿನ ಲೆಕ್ಕವನ್ನು ಕಾಗದದ ಮೇಲೆ ಇಟ್ಟುಕೊಂಡಿರುವುದು ಎಲ್ಲ ಕಡೆಯೂ ನಗರವನ್ನು ಕಾಪಾಡುತ್ತದೆ.

ಮೂರನೆಯದು, ಹತ್ತಿರದ ಖಾಸಗಿ ಸ್ಟೇಷನ್ನಿನ ದರವನ್ನೇ ಇಡೋಣ. ಇದರಲ್ಲಿ ಒಂದು ನ್ಯಾಯ ಇದೆ. ನಗರ ಬಿಟ್ಟಿ ಜಾಗ, ಅನುದಾನದ ಯಂತ್ರ ಇಟ್ಟುಕೊಂಡು ತೀರಾ ಅಗ್ಗ ಮಾಡಿದರೆ ಸಾಲ ಮಾಡಿ ಫಾಸ್ಟ್ ಚಾರ್ಜರ್ ಹಾಕಲು ಬರುವವರು ಹಿಂದೆ ಸರಿಯುತ್ತಾರೆ, ಕೊನೆಗೆ ಊರಿಗೆ ಇರುವುದು ನಗರದ ಎರಡೇ ಯಂತ್ರ. ಆದರೆ ನಿಧಾನದ ಎಸಿ ಪಾಯಿಂಟುಗಳಲ್ಲಿ ಲಾಭ ಕಮ್ಮಿ, ಖಾಸಗಿಯವರು ಅದಕ್ಕೆ ಅಷ್ಟಾಗಿ ಕೈ ಹಾಕುವುದಿಲ್ಲ. ಅಲ್ಲಿ ಯಾರ ದರ ನೋಡಿ ಹೋಲಿಸುವುದು? ಆದ್ದರಿಂದ ಖಾಸಗಿ ದರವನ್ನು ಫಾಸ್ಟ್ ಚಾರ್ಜರ್ ವಿಷಯದಲ್ಲಿ ಒಂದು ಅಂದಾಜಿಗೆ ನೋಡಬಹುದು, ನಕಲು ಮಾಡಬಾರದು.

ನಾಲ್ಕನೆಯದು, ಹಾಕಿದ ದುಡ್ಡೆಲ್ಲ ಯಂತ್ರದ ಬೆಲೆ ಸಮೇತ ವಾಪಸ್ ಬರಬೇಕು. ಅನುದಾನದಲ್ಲಿ ಬಂದ ಯಂತ್ರಕ್ಕೆ ಜನರಿಂದ ಮತ್ತೊಮ್ಮೆ ದುಡ್ಡು ತೆಗೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ, ಅದು ಒಂದು ಸಲ ಅವರದೇ ತೆರಿಗೆಯಿಂದ ಬಂದಿದೆ. ಕೆಟ್ಟರೆ ರಿಪೇರಿಗೆ, ಮುಂದೆ ಕೇಬಲ್ ಬದಲಿಸಲು ಎತ್ತಿಡುವ ಹಣ ಬೇರೆ, ಅದು ಖರ್ಚಿನಲ್ಲಿ ಸೇರಬೇಕು. ಮೇಲಿನ 20 ಸಾವಿರದಲ್ಲಿ ಅದನ್ನು ಸೇರಿಸಿಯೇ ಹೇಳಿದ್ದು.

ಯೂನಿಟ್ಟಿಗೋ, ನಿಮಿಷಕ್ಕೋ?

ದರ ಎಷ್ಟು ಅನ್ನುವುದಕ್ಕೆ ಮುಂಚೆ ಯಾವುದರ ಮೇಲೆ ದರ ಎಂದು ತೀರ್ಮಾನ ಆಗಬೇಕು. ಗಂಟೆ ಲೆಕ್ಕ ಸುಲಭ ಎಂದು ಹಲವರು ಅದನ್ನೇ ಹಿಡಿಯುತ್ತಾರೆ. ಎಸಿ ಪಾಯಿಂಟಿನಲ್ಲಿ ಗಂಟೆಗೆ 1000 ಇಟ್ಟೆವು ಅನ್ನಿ. ಕಾರಿನ ಒಳಗಿರುವ ಚಾರ್ಜರ್ 7.4 ಕಿಲೋವ್ಯಾಟ್ ತೆಗೆದುಕೊಳ್ಳುವಂಥದ್ದಾದರೆ ಒಂದು ಯೂನಿಟ್ 135ಕ್ಕೆ ಬಿತ್ತು. ಅದೇ ಹಳೆಯ ಅಥವಾ ಅಗ್ಗದ ಕಾರು 3.3 ಕಿಲೋವ್ಯಾಟ್ ಮಾತ್ರ ತೆಗೆದುಕೊಳ್ಳುತ್ತದೆ ಎಂದರೆ ಅದೇ ಯೂನಿಟ್ 303. ದುಬಾರಿ ಕಾರಿನವರಿಗೆ ಅಗ್ಗ, ಸಾಧಾರಣ ಕಾರಿನವರಿಗೆ ಎರಡು ಪಟ್ಟಿಗಿಂತ ಜಾಸ್ತಿ. ಫಾಸ್ಟ್ ಚಾರ್ಜರಿನಲ್ಲೂ ಹೀಗೇ. ಬ್ಯಾಟರಿ ಶೇ. 80 ದಾಟಿದ ಮೇಲೆ ವೇಗ ಇಳಿಯುತ್ತದೆ, ಚಳಿಯಲ್ಲಿ ಬ್ಯಾಟರಿ ತಣ್ಣಗಿದ್ದರೂ ಇಳಿಯುತ್ತದೆ. ಅದು ಗಾಡಿಯವರ ಕೈಯಲ್ಲಿಲ್ಲ.

ಗನ್ ಹಾಕಿದ್ದಕ್ಕೇ ಒಂದು ನಿಗದಿ ಮೊತ್ತ ಇಡುವುದು ಇನ್ನೊಂದು ದಾರಿ. 300 ಇಟ್ಟರೆ 30 ಯೂನಿಟ್ ತುಂಬಿಸುವ ಕಾರಿಗೆ ಯೂನಿಟ್ಟಿಗೆ 10 ಸೇರಿತು. ಮೂರು ಯೂನಿಟ್ ಬ್ಯಾಟರಿಯ ಸ್ಕೂಟರಿಗೆ ಯೂನಿಟ್ಟಿಗೆ 100 ಸೇರಿತು. ಬೇಡ.

ಲೋಕದ ಅನುಭವವೂ ಯೂನಿಟ್ ಕಡೆಗೇ ತಿರುಗಿದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಕರೆಂಟನ್ನು ಯೂನಿಟ್ ಲೆಕ್ಕದಲ್ಲಿ ಮಾರುವ ಹಕ್ಕು ವಿದ್ಯುತ್ ಕಂಪನಿಗಳಿಗೆ ಮಾತ್ರ ಇತ್ತು, ಹಾಗಾಗಿ ಚಾರ್ಜಿಂಗ್ ಸ್ಟೇಷನ್ನಿನವರು ನಿಮಿಷದ ಲೆಕ್ಕ ಹಿಡಿದಿದ್ದರು. ನಿಮಿಷದ ಲೆಕ್ಕ ಒಳ್ಳೆಯದು ಎಂದಲ್ಲ, ಬೇರೆ ದಾರಿ ಇರಲಿಲ್ಲ. ಆಮೇಲೆ ಒಂದೊಂದೇ ರಾಜ್ಯ ನಿಯಮ ಬದಲಿಸಿತು. ಭಾರತದಲ್ಲಿ 2018ರ ಏಪ್ರಿಲ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಗಾಡಿ ಚಾರ್ಜ್ ಮಾಡುವುದು ಸೇವೆ, ಕರೆಂಟ್ ಮಾರಾಟ ಅಲ್ಲ, ಅದಕ್ಕೆ ಲೈಸೆನ್ಸ್ ಬೇಡ ಎಂದು ಸ್ಪಷ್ಟ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಹೊಸ ಎಸಿ ಚಾರ್ಜರ್‌ಗಳಿಗೆ 2021ರಿಂದ, ಡಿಸಿಗೆ 2023ರಿಂದ ಯೂನಿಟ್ ಅಳತೆ ಕಡ್ಡಾಯ. ಯುರೋಪ್ ಒಕ್ಕೂಟದ 2023/1804 ನಿಯಮ 2024ರ ಏಪ್ರಿಲ್ 13ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಆ ದಿನದಿಂದ ಹಾಕುವ 50 ಕಿಲೋವ್ಯಾಟ್ ಮತ್ತು ಮೇಲಿನ ಸಾರ್ವಜನಿಕ ಚಾರ್ಜರ್‌ಗಳಲ್ಲಿ, ಒಪ್ಪಂದ ಇಲ್ಲದೆ ಸುಮ್ನೆ ಬಂದು ಚಾರ್ಜ್ ಮಾಡುವವರಿಗೆ ಬೆಲೆ ಯೂನಿಟ್ ಮೇಲೆಯೇ ಇರಬೇಕು. ಜಾಗ ಹಿಡಿದುಕೊಂಡು ಕೂರುವುದನ್ನು ತಡೆಯಲು ನಿಮಿಷದ ಲೆಕ್ಕದ ಬೇರೆ ಶುಲ್ಕ ಸೇರಿಸಬಹುದು.

ಅದೇ ನನ್ನ ವಾದವೂ. ಕರೆಂಟಿಗೆ ಯೂನಿಟ್ ಲೆಕ್ಕ, ಜಾಗಕ್ಕೆ ನಿಮಿಷದ ಲೆಕ್ಕ. ಎರಡೂ ಬೇರೆ ಬೇರೆ ಸಾಲಿನಲ್ಲಿ, ಎರಡೂ ಗನ್ ಹಾಕುವ ಮುಂಚೆಯೇ ಕಾಣುವ ಹಾಗೆ.

ಎಸಿ ಪಾಯಿಂಟಿನ ದರ

ಇದು ಸರಳ. ಎಸಿ ಪಾಯಿಂಟ್‌ಗಳು ಪಾರ್ಕಿಂಗ್ ಕಟ್ಟಡದ ಹಳೆಯ ಮೀಟರಿನ ಮೇಲಿವೆ, ಅಲ್ಲಿ ಯೂನಿಟ್ ಬೆಲೆ ಬಿಟ್ಟು ಬೇರೆ ಭಾರ ಇಲ್ಲ ಎಂದಿಟ್ಟುಕೊಳ್ಳೋಣ. ಕರೆಂಟಿಗೆ 100. ತಂತಿಯಲ್ಲಿ ಹೋಗುವುದು, ಯಂತ್ರ ಸುಮ್ನೆ ಇದ್ದಾಗ ಎಳೆಯುವುದು ಸೇರಿ 5. ಕಾರ್ಡ್ ಮತ್ತು ಪಾವತಿ ಕಂಪನಿಯ ಪಾಲು 8. ಉಳಿದದ್ದು ನಿರ್ವಹಣೆಯ 1 ಲಕ್ಷ 60 ಸಾವಿರ, ಅದನ್ನು ಎಷ್ಟು ಯೂನಿಟ್ ಮೇಲೆ ಹಂಚುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಈಗಿನ ಹಾಗೆ ದಿನಕ್ಕೆ 12 ಕಾರು ಬಂದರೆ ಯೂನಿಟ್ಟಿಗೆ 37 ಬೀಳುತ್ತದೆ, ಒಟ್ಟು ದರ 150. ಅದೇ 18 ಕಾರು ಬಂದರೆ ತಿಂಗಳಿಗೆ 6480 ಯೂನಿಟ್, ನಿರ್ವಹಣೆ ಪಾಲು 25ಕ್ಕೆ ಇಳಿಯುತ್ತದೆ, ಒಟ್ಟು 138. ಅಂದರೆ ಚಾರ್ಜ್ ಮುಗಿದ ಕಾರು ಜಾಗ ಬಿಟ್ಟರೆ ಮಿಕ್ಕವರ ಕರೆಂಟೇ ಅಗ್ಗವಾಗುತ್ತದೆ. ಜಾಗದ ಶುಲ್ಕವನ್ನು ದಂಡ ಎಂದು ನೋಡುವವರು ಈ ಲೆಕ್ಕ ನೋಡಬೇಕು. ಅದರಿಂದ ದುಡ್ಡು ಬರಲಿ ಎಂದು ಯಾರೂ ಬಯಸುವುದಿಲ್ಲ, ಅದು ಬಾರದಿದ್ದರೇ ಒಳ್ಳೆಯದು.

ಹಾಗಾಗಿ 18 ಕಾರಿನ ಗುರಿ ಇಟ್ಟು ಯೂನಿಟ್ಟಿಗೆ 140. ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನಗರಕ್ಕೆ ಕರೆಂಟ್ 75ಕ್ಕೆ ಸಿಗುತ್ತದೆ ಎಂದಾದರೆ ಆ 25 ಪೂರ್ತಿ ಜನರಿಗೇ ಹೋಗಲಿ, ರಾತ್ರಿ ದರ 115. ಇಲ್ಲಿ ನಗರ ನಡುವೆ ನಿಂತು ಉಳಿಸಿಕೊಳ್ಳಬಾರದು. ರಾತ್ರಿ ಈ ಪಾಯಿಂಟ್‌ಗಳಿಗೆ ಬರುವವರು ಬಹುಪಾಲು ಮನೆಯಲ್ಲಿ ಚಾರ್ಜರ್ ಇಲ್ಲದ ಸುತ್ತಲಿನ ನಿವಾಸಿಗಳು. ಸ್ವಂತ ಗ್ಯಾರೇಜ್ ಇರುವವರು ಮನೆ ದರದಲ್ಲಿ ತುಂಬಿಸಿಕೊಳ್ಳುತ್ತಾರೆ, ಇವರಿಗೆ ಆ ಭಾಗ್ಯ ಇಲ್ಲ. ಬ್ರಿಟನ್ನಿನಲ್ಲಿ ಮನೆಯ ಕರೆಂಟಿಗೆ ವ್ಯಾಟ್ ತೆರಿಗೆ ಶೇ. 5, ಸಾರ್ವಜನಿಕ ಚಾರ್ಜಿಂಗ್‌ಗೆ ಶೇ. 20 ಎಂದು ಇದ್ದದ್ದರ ಮೇಲೆ ಎದ್ದ ದೂರು ಇದೇ. ತೆರಿಗೆ ನಗರದ ಕೈಯಲ್ಲಿರುವುದಿಲ್ಲ, ರಾತ್ರಿ ದರ ಇರುತ್ತದೆ.

ಜಾಗದ ಶುಲ್ಕ

ಚಾರ್ಜ್ ಮುಗಿದ ಮೇಲೂ ನಿಂತ ಕಾರಿಗೆ ಶುಲ್ಕ ಹಾಕುವುದು ಹೊಸದಲ್ಲ. 2016ರ ಡಿಸೆಂಬರ್‌ನಲ್ಲೇ ಟೆಸ್ಲಾ ತನ್ನ ಫಾಸ್ಟ್ ಚಾರ್ಜರ್‌ಗಳಲ್ಲಿ ಇದನ್ನು ತಂದಿತು, ಐದು ನಿಮಿಷದೊಳಗೆ ತೆಗೆದರೆ ಮಾಫಿ. ನಗರಕ್ಕೆ ಇದು ಇನ್ನೂ ಸೂಕ್ಷ್ಮ, ಯಾಕೆಂದರೆ ಇಲ್ಲಿ ಬರುವವರು ನಾಗರಿಕರು.

ಎಸಿಯಲ್ಲಿ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ, ಚಾರ್ಜ್ ನಿಂತು 30 ನಿಮಿಷ ಆದ ಮೇಲೆ ನಿಮಿಷಕ್ಕೆ 30. ಅಂದರೆ ಗಂಟೆಗೆ 1800, ಹೆಚ್ಚುಕಮ್ಮಿ 13 ಯೂನಿಟ್ ಕರೆಂಟಿನ ದರ. ಇದು ಅಕ್ಕಪಕ್ಕದ ಪಾರ್ಕಿಂಗ್ ಶುಲ್ಕಕ್ಕಿಂತ ಜಾಸ್ತಿ ಇರಲೇಬೇಕು, ಇಲ್ಲದಿದ್ದರೆ ಚಾರ್ಜಿಂಗ್ ಪಾಯಿಂಟೇ ಊರಿನ ಅತಿ ಅಗ್ಗದ ಪಾರ್ಕಿಂಗ್ ಆಗಿಬಿಡುತ್ತದೆ. ಫಾಸ್ಟ್ ಚಾರ್ಜರಿನಲ್ಲಿ ಹತ್ತು ನಿಮಿಷ ಮಾಫಿ, ಆಮೇಲೆ ನಿಮಿಷಕ್ಕೆ 200. ಎರಡಕ್ಕೂ ಒಂದು ಗರಿಷ್ಠ ಮಿತಿ ಇರಬೇಕು. ಯಾರೋ ಆಸ್ಪತ್ರೆಗೆ ಓಡಿಹೋಗಿ ಮರುದಿನ ಬಂದರೆ ಅವರ ಮೇಲೆ ಸಾಲ ಹೊರಿಸಿದ ಹಾಗಾಗಬಾರದು.

ರಾತ್ರಿ ಎಸಿಯಲ್ಲಿ ಈ ಶುಲ್ಕ ಇಲ್ಲವೇ ಇಲ್ಲ. ಇದರಲ್ಲಿ ನಾನು ಚೌಕಾಸಿಗೆ ತಯಾರಿಲ್ಲ. 40 ಯೂನಿಟ್ ಬ್ಯಾಟರಿಯನ್ನು ಶೇ. 20ರಿಂದ 80ಕ್ಕೆ ತರಲು ಎಸಿಯಲ್ಲಿ ಮೂರೂಕಾಲು ಗಂಟೆ ಬೇಕು. ರಾತ್ರಿ 10ಕ್ಕೆ ಹಾಕಿದವರು ಒಂದೂಕಾಲಿಗೆ ಎದ್ದು ಬಂದು ಕಾರು ತೆಗೆಯಬೇಕು ಎಂದು ನಗರ ಹೇಳುವ ಹಾಗಿಲ್ಲ. ಬೆಳಗಿನ ಪಾಳಿ ಮುಗಿಸಿ ಮಲಗಿದ ಹೆಂಗಸು ನಡುರಾತ್ರಿ ಒಬ್ಬಳೇ ಪಾರ್ಕಿಂಗ್ ಜಾಗಕ್ಕೆ ನಡೆದು ಬರಬೇಕಾ?

ಇನ್ನೊಂದು ತಾಂತ್ರಿಕ ವಿಷಯ, ಸಣ್ಣದು ಅನ್ನಿಸಿದರೂ ಜಗಳಕ್ಕೆ ಇದೇ ಮೂಲ. ಚಾರ್ಜ್ ನಿಂತಿದೆ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ? ಚಾರ್ಜರ್‌ಗಳು ಸರ್ವರ್ ಜೊತೆ ಮಾತಾಡುವ ಓಸಿಪಿಪಿ ಎಂಬ ಭಾಷೆಯಲ್ಲಿ ಎರಡು ಬೇರೆ ಸ್ಥಿತಿಗಳಿವೆ. ಕಾರೇ ಸಾಕು ಎಂದು ನಿಲ್ಲಿಸಿದ್ದು ಒಂದು, ಅದಕ್ಕೆ ಸಸ್ಪೆಂಡೆಡ್ ಇವಿ ಎಂದು ಹೆಸರು. ಸ್ಟೇಷನ್ ಲೋಡ್ ಕಮ್ಮಿ ಮಾಡಲು ತಾನೇ ತಡೆ ಹಿಡಿದದ್ದು ಇನ್ನೊಂದು, ಅದು ಸಸ್ಪೆಂಡೆಡ್ ಇವಿಎಸ್‌ಇ. ಎರಡನ್ನೂ ಒಂದೇ ಎಂದು ಬಿಲ್ ಹಾಕಿದರೆ, ನಗರ ತಾನೇ ಕರೆಂಟ್ ನಿಲ್ಲಿಸಿ ತಾನೇ ಶುಲ್ಕ ವಸೂಲಿ ಮಾಡಿದ ಹಾಗಾಗುತ್ತದೆ. ಸಾಫ್ಟ್‌ವೇರ್ ಗುತ್ತಿಗೆಯಲ್ಲಿ ಈ ವ್ಯತ್ಯಾಸವನ್ನು ಹೆಸರಿಟ್ಟು ಬರೆಸಬೇಕು.

ಫಾಸ್ಟ್ ಚಾರ್ಜರ್, ಮತ್ತು ಯಾರೂ ಬಾರದ ಗಂಟೆಗಳ ಖರ್ಚು

ಈಗ ಆ ಹತ್ತು ಲಕ್ಷದ ವಿಷಯ. ದೊಡ್ಡ ಲೋಡಿನ ಮೀಟರಿಗೆ ವಿದ್ಯುತ್ ಕಂಪನಿ ಎರಡು ಥರ ದುಡ್ಡು ಕೇಳುತ್ತದೆ. ಎಷ್ಟು ಯೂನಿಟ್ ಉರಿಸಿದಿರಿ ಅನ್ನುವುದಕ್ಕೆ ಒಂದು. ತಿಂಗಳಲ್ಲಿ ಅತಿ ಹೆಚ್ಚು ಎಂದರೆ ಒಂದೇ ಹೊತ್ತಿಗೆ ಎಷ್ಟು ಎಳೆದಿರಿ ಅನ್ನುವುದಕ್ಕೆ ಇನ್ನೊಂದು, ಇದೇ ಡಿಮಾಂಡ್ ಚಾರ್ಜ್. ಇಡೀ ತಿಂಗಳಲ್ಲಿ ಒಂದು ಮಧ್ಯಾಹ್ನ ಕಾಲು ಗಂಟೆ ಎರಡು ಕಾರು ಒಟ್ಟಿಗೆ ಬಂದು 120 ಕಿಲೋವ್ಯಾಟ್ ಎಳೆದರೂ ಸಾಕು, ತಿಂಗಳಿಗೆಲ್ಲ 120ರ ಬಿಲ್. ವರ್ಷಕ್ಕೊಮ್ಮೆ ಬರುವ ನೆಂಟರಿಗೆಂದು ದೊಡ್ಡ ಮನೆ ಬಾಡಿಗೆಗೆ ಹಿಡಿದ ಹಾಗೆ.

ಕಿಲೋವ್ಯಾಟಿಗೆ ತಿಂಗಳಿಗೆ 5000 ಎಂದರೆ 120 ಕಿಲೋವ್ಯಾಟಿಗೆ ಆರು ಲಕ್ಷ. ಈ ಆರು ಲಕ್ಷ, ಕಾರು ಬರಲಿ ಬಿಡಲಿ, ಕಟ್ಟಲೇಬೇಕು. ಒಂದೊಂದು ಯಂತ್ರಕ್ಕೆ ದಿನಕ್ಕೆ ಒಂದೇ ಕಾರು, ಕಾರಿಗೆ 25 ಯೂನಿಟ್ ಎಂದರೆ ಡಿಮಾಂಡ್ ಚಾರ್ಜ್ ಪಾಲೇ ಯೂನಿಟ್ಟಿಗೆ 400. ಎರಡು ಕಾರು ಬಂದರೆ 200. ನಾಲ್ಕು ಬಂದರೆ 100. ಹನ್ನೆರಡು ಬಂದರೆ 33. ಅದೇ ಯಂತ್ರ, ಅದೇ ಕರೆಂಟು. ಬದಲಾದದ್ದು ಬರುವ ಕಾರಿನ ಸಂಖ್ಯೆ ಮಾತ್ರ. ಚಾರ್ಜಿಂಗ್ ದರದ ಬಗ್ಗೆ ನಡೆಯುವ ಎಷ್ಟೋ ವಾದಗಳಲ್ಲಿ ಇದನ್ನು ಯಾರೂ ಎತ್ತುವುದೇ ಇಲ್ಲ, ನನಗೆ ಅದೇ ಬೇಸರ.

ದರದ ಮಾತಿಗೆ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಎರಡು ಯಂತ್ರ ಸೇರಿ 90 ಕಿಲೋವ್ಯಾಟ್ ಮೀರದ ಹಾಗೆ ಲೋಡಿಗೆ ಮಿತಿ ಹಾಕಬೇಕು. ಒಂದೇ ಕಾರು ಇದ್ದಾಗ ಅದಕ್ಕೆ ಪೂರ್ತಿ 60 ಸಿಗುತ್ತದೆ. ಎರಡು ಒಟ್ಟಿಗೆ ಬಂದರೆ 45, 45. ಅಪರೂಪಕ್ಕೆ ಯಾರೋ ಏಳೆಂಟು ನಿಮಿಷ ಜಾಸ್ತಿ ಕಾಯಬೇಕಾಗಬಹುದು. ಅದಕ್ಕೆ ಬದಲಾಗಿ ತಿಂಗಳಿಗೆ ಒಂದೂವರೆ ಲಕ್ಷ ಉಳಿಯುತ್ತದೆ, ಈಗಿನ 3000 ಯೂನಿಟ್ ಲೆಕ್ಕದಲ್ಲಿ ಯೂನಿಟ್ಟಿಗೆ 50. ಒಂದು ಸೆಟ್ಟಿಂಗ್ ಬದಲಿಸುವುದರಿಂದ ಇಷ್ಟು ಉಳಿಯುವಾಗ ಅದನ್ನು ಮಾಡದೆ ದರ ಏರಿಸುವುದು ಜನರಿಗೆ ಮಾಡುವ ಮೋಸ.

ಮಿತಿ ಹಾಕಿದ ಮೇಲೆ ಈಗಿನ ಬಳಕೆಯಲ್ಲಿ ಲೆಕ್ಕ ಹೀಗೆ. ಕರೆಂಟು 100. ಎಸಿಯನ್ನು ಡಿಸಿ ಮಾಡುವಾಗ ಆಗುವ ನಷ್ಟ 8. ಡಿಮಾಂಡ್ ಪಾಲು 150. ನಿರ್ವಹಣೆ ಯಂತ್ರಕ್ಕೆ 60 ಸಾವಿರದಂತೆ ಯೂನಿಟ್ಟಿಗೆ 40. ಪಾವತಿ ಖರ್ಚು 8. ಒಟ್ಟು 306. ಬಳಕೆ ಎರಡರಷ್ಟಾಗಿ 6000 ಯೂನಿಟ್ ಆದರೆ ಡಿಮಾಂಡ್ 75, ನಿರ್ವಹಣೆ 20, ಒಟ್ಟು 211.

ಕೌನ್ಸಿಲ್ ಮುಂದೆ ಈಗ ಎರಡು ದಾರಿ. 306 ಇಟ್ಟರೆ ಪುಸ್ತಕದಲ್ಲಿ ಲೆಕ್ಕ ಸರಿಹೋಗುತ್ತದೆ, ಜನ ಮಾತ್ರ ಬರುವುದಿಲ್ಲ. ಬಾರದಿದ್ದರೆ ಯೂನಿಟ್ ಇನ್ನೂ ಇಳಿಯುತ್ತದೆ, 2000 ಯೂನಿಟ್ ಆದರೆ ಖರ್ಚು 400 ದಾಟುತ್ತದೆ. ಮತ್ತೆ ಏರಿಸಬೇಕು. ಹೀಗೆ ಏರಿಸುತ್ತಾ ಹೋದರೆ ಕೊನೆಗೆ ಯಂತ್ರಕ್ಕೆ ಬೀಗ. 210 ಇಟ್ಟರೆ ಈಗಿನ ಬಳಕೆಯಲ್ಲಿ ತಿಂಗಳಿಗೆ 2 ಲಕ್ಷ 88 ಸಾವಿರ ಕೊರತೆ.

ನಾನು 210ರ ಪರ. ಇಂದು ಬರುವ ನಾಲ್ಕು ಜನರ ಮೇಲೆ, ಇನ್ನೂ ಬಾರದ ನಾಲ್ಕು ಜನರ ಖರ್ಚನ್ನು ಹೊರಿಸುವುದು ಸರಿಯಲ್ಲ. ಯಂತ್ರವನ್ನು ಬೇಡಿಕೆಗಿಂತ ಮುಂಚೆ ಹಾಕಿದ್ದು ನಗರದ ತೀರ್ಮಾನ, ಖಾಲಿ ಗಂಟೆಗಳ ಖರ್ಚು ನಗರದ್ದೇ. ಆದರೆ ಒಂದು ಷರತ್ತು, ಅದು ಇಲ್ಲದಿದ್ದರೆ ನಾನೂ 210ಕ್ಕೆ ಒಪ್ಪುವುದಿಲ್ಲ. ಆ 2 ಲಕ್ಷ 88 ಸಾವಿರವನ್ನು ಬಜೆಟ್ಟಿನಲ್ಲಿ ಬೇರೆ ಸಾಲು ಮಾಡಿ, ಫಾಸ್ಟ್ ಚಾರ್ಜರ್ ಕೊರತೆ ಎಂದು ಹೆಸರಿಟ್ಟು, ಎಷ್ಟು ತಿಂಗಳು ಕೊಡುತ್ತೇವೆ ಎಂದು ತಾರೀಖು ಹಾಕಿ ಬರೆಯಬೇಕು. ಪಾರ್ಕಿಂಗ್ ನಿರ್ವಹಣೆ ಅನ್ನುವ ಹಳೆಯ ತಲೆಬರಹದ ಕೆಳಗೆ ಅಡಗಿಸಬಾರದು. ಬಸ್ಸಲ್ಲಿ ಓಡಾಡುವವರು ಕೇಳಿದರೆ ತೋರಿಸಲು ಆಗಬೇಕು. ಅವರು ಬೇಡ ಅಂದರೆ ಅದನ್ನು ಕೇಳಿಸಿಕೊಳ್ಳಲೂ ಆಗಬೇಕು.

ಒಟ್ಟು ಸೇರಿಸಿ ನೋಡಿದರೆ, ಎಸಿಯಲ್ಲಿ 18 ಕಾರಿನ ಗುರಿ ಮುಟ್ಟಿದಾಗ, ತಿಂಗಳಿಗೆ ಹದಿನಾರೂವರೆ ಲಕ್ಷ ಹೋಗುತ್ತಿದ್ದ ಕಡೆ ಹೋಗುವುದು ಮೂರು ಲಕ್ಷದೊಳಗೆ. ಎಸಿ ಹೆಚ್ಚುಕಮ್ಮಿ ತನ್ನ ಕಾಲ ಮೇಲೆ ನಿಲ್ಲುತ್ತದೆ.

ನಿರ್ಣಯದಲ್ಲಿ ಇನ್ನೇನು ಬರೆಯಬೇಕು

ದರವನ್ನು ಒಂದೇ ಸಂಖ್ಯೆಯಾಗಿ ಪಾಸು ಮಾಡಿದರೆ ವಿದ್ಯುತ್ ಕಂಪನಿ ದರ ಬದಲಿಸಿದಾಗಲೆಲ್ಲ ಮತ್ತೆ ಸಭೆ ಕರೆಯಬೇಕು. ಅದು ಆಗುವ ಕೆಲಸವಲ್ಲ, ಹಳೆಯ ದರವೇ ವರ್ಷಗಟ್ಟಲೆ ಉಳಿಯುತ್ತದೆ. ಬದಲಿಗೆ ಲೆಕ್ಕದ ಸೂತ್ರವನ್ನೇ ನಿರ್ಣಯದಲ್ಲಿ ಇಟ್ಟು, ಕರೆಂಟ್ ಬೆಲೆ ಬದಲಾದಷ್ಟನ್ನು ಮಾತ್ರ ಅಧಿಕಾರಿಗಳು ಸರಿಪಡಿಸಬಹುದು, ಶೇ. 10 ಮೀರಿದರೆ ಕೌನ್ಸಿಲ್ ಮುಂದೆ ಬರಬೇಕು ಎಂದು ಬರೆದರೆ ಸಾಕು.

ದರ ಕಾಣಬೇಕು. ಆ್ಯಪ್ ಇಳಿಸಿಕೊಂಡು, ಹೆಸರು ನೋಂದಾಯಿಸಿದ ಮೇಲೆ ಕಾಣುವುದಲ್ಲ, ಯಂತ್ರದ ಹತ್ತಿರ ನಿಂತರೆ ಕಾಣಬೇಕು. ಸ್ಮಾರ್ಟ್‌ಫೋನ್ ಇಲ್ಲದವರೂ ಕಾರ್ಡಲ್ಲಿ ಕಟ್ಟುವ ಹಾಗಿರಬೇಕು. ಕಾರ್ಡ್ ತೋರಿಸಿದ ತಕ್ಷಣ ದೊಡ್ಡ ಮೊತ್ತ ತಡೆ ಹಿಡಿದು ಎರಡು ಮೂರು ದಿನ ಬಿಟ್ಟು ವಾಪಸ್ ಬಿಡುವ ಪದ್ಧತಿ ಕೆಲವು ಕಡೆ ಇದೆ. ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಸ್ವಲ್ಪವೇ ದುಡ್ಡಿರುವವರಿಗೆ ಅದು ಚಾರ್ಜೇ ಸಿಗದ ಹಾಗೆ ಮಾಡುತ್ತದೆ. ತಡೆ ಹಿಡಿಯುವ ಮೊತ್ತಕ್ಕೂ ನಿರ್ಣಯದಲ್ಲಿ ಮಿತಿ ಬೇಕು.

ದುಡ್ಡು ತೆಗೆದುಕೊಂಡ ಮೇಲೆ ಯಂತ್ರ ಓಡಬೇಕು. ಬ್ರಿಟನ್ನಿನ 2023ರ ನಿಯಮಗಳು ಫಾಸ್ಟ್ ಚಾರ್ಜರ್ ಜಾಲಗಳು ಸರಾಸರಿ ಶೇ. 99ರಷ್ಟು ಸಮಯ ಕೆಲಸ ಮಾಡುತ್ತಿರಬೇಕು ಎನ್ನುತ್ತವೆ. ಎರಡೇ ಯಂತ್ರ ಇರುವ ನಗರಕ್ಕೆ ಅದು ಕಷ್ಟದ ಗುರಿ, ಒಂದು ಕೆಟ್ಟರೆ ಅರ್ಧ ಹೋಯಿತು. ಕನಿಷ್ಠ ಇಷ್ಟಾದರೂ ಬೇಕು: ಚಾರ್ಜ್ ಶುರುವಾಗಿ ತಾನೇ ನಿಂತುಹೋದರೆ ಅದಕ್ಕೆ ಶುಲ್ಕ ಇಲ್ಲ, ಕೆಟ್ಟ ಯಂತ್ರ ಆ್ಯಪಿನಲ್ಲಿ ಖಾಲಿ ಎಂದು ತೋರಿಸಬಾರದು, ರಿಪೇರಿ ಗುತ್ತಿಗೆಯವರಿಗೆ ಗಂಟೆಗಳ ಗಡುವು ಇರಬೇಕು.

ಶುಲ್ಕ ಶುರುವಾದ ಮೊದಲ ತಿಂಗಳುಗಳಲ್ಲಿ ಎಸಿ ಬಳಕೆ ಇಳಿದೇ ಇಳಿಯುತ್ತದೆ, ಬಿಟ್ಟಿಗೆ ಬರುತ್ತಿದ್ದವರು ಮನೆಗೆ ಹೋಗುತ್ತಾರೆ. ಯೋಜನೆ ಸೋತಿತು ಎಂದು ಆಗ ಕೂಗು ಏಳಬಹುದು. ಆ ಖಾಲಿ ಜಾಗಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು. ಸುತ್ತಲಿನ ಅಪಾರ್ಟ್‌ಮೆಂಟುಗಳಿಗೆ, ಟ್ಯಾಕ್ಸಿ ನಿಲ್ದಾಣಕ್ಕೆ ಹೋಗಿ ಈಗ ಜಾಗ ಸಿಗುತ್ತದೆ ಎಂದು ತಿಳಿಸುವ ಕೆಲಸವನ್ನು ಆ ತಿಂಗಳುಗಳಲ್ಲೇ ಮಾಡಬೇಕು. ಹನ್ನೆರಡು ತಿಂಗಳಿಗೆ ಮರುಪರಿಶೀಲನೆ. ಅಷ್ಟರಲ್ಲಿ ಎಸಿಯಲ್ಲಿ ದಿನಕ್ಕೆ 18 ಕಾರು ಆಗಿಲ್ಲ, ಆದರೂ ಹಗಲು ಜಾಗ ಭರ್ತಿ ಇದೆ ಎಂದಾದರೆ ಯೂನಿಟ್ ದರ ಮುಟ್ಟದೆ ಜಾಗದ ಶುಲ್ಕವನ್ನು ಏರಿಸಬೇಕು. ಜಾಗವೂ ಖಾಲಿ, ಕಾರೂ ಇಲ್ಲ ಎಂದಾದರೆ ಆ ಶುಲ್ಕ ಇಳಿಸಬೇಕು. ಫಾಸ್ಟ್ ಚಾರ್ಜರಿನಲ್ಲಿ ತಿಂಗಳಿಗೆ 6000 ಯೂನಿಟ್ ದಾಟಿದರೆ ಬಜೆಟ್ಟಿನ ಕೊರತೆ ಸಾಲು ತಾನಾಗೇ ಅಳಿಸಿಹೋಗಬೇಕು, ಅದಕ್ಕೂ ಮೇಲೆ ಹೋದರೆ 210 ಇಳಿಯಬೇಕು. ಇನ್ನೂ 3000ದಲ್ಲೇ ನಿಂತಿದ್ದರೆ ದರ ಏರಿಸುವ ಮಾತು ಬೇಡ, ಒಂದು ಯಂತ್ರವನ್ನು ಜನ ಹೆಚ್ಚು ಓಡಾಡುವ ಬೇರೆ ಜಾಗಕ್ಕೆ ಸಾಗಿಸಲು ಎಷ್ಟು ಖರ್ಚು ಎಂಬ ಲೆಕ್ಕವನ್ನು ಅಧಿಕಾರಿಗಳು ಅದೇ ಸಭೆಗೆ ತರಬೇಕು.